ನಾಯಕನ ನುಡಿ ಮತ್ತು ಅದರ ಉಳಿವು: ಅಮೇರಿಕೆಯ ಅಧ್ಯಕ್ಷರೂ ಅಮರ ಸುಳ್ಯದ ಕಲ್ಯಾಣಸ್ವಾಮಿಯೂ



ಶಿರಾಡಿಯ ಘಟ್ಟವನ್ನಿಳಿದು ಗುಂಡ್ಯಕ್ಕೆ ಬಂದವರಿಗೆ ಅಲ್ಲಿ ದಾರಿಯು ಎರಡಾಗುವುದು. ಒಂದು ನೆಲ್ಯಾಡಿ ಉಪ್ಪಿನಂಗಡಿಗಳ ಮೇಲೆ ಮಂಗಳೂರಿಗೆ ಹೋಗುವುದು. ಇನ್ನೊಂದು ಕಾಡಿನೊಳಕ್ಕೆ ತಿರುಗಿ ಕುಕ್ಕೆ ಸುಬ್ರಹ್ಮಣ್ಯವನ್ನು ಮುಟ್ಟಿ, ಅಲ್ಲಿಂದ ಸುಳ್ಯದ ಸೀಮೆಗೆ ಸಾಗುವುದು. ಗುಂಡ್ಯದ ಹೊಳೆಯೂ ಹಾಗೆಯೇ ಕುಮಾರಧಾರೆಯನ್ನು ಕೂಡಿ, ಆ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನ ಬಳಿ ಕಡಲನ್ನು ಸೇರುವುದು. 1837ನೆಯ ಇಸವಿಯ ಬೇಸಗೆಯಲ್ಲಿ ಈ ನೀರು ಹರಿಯುವ ದಿಕ್ಕಿನಲ್ಲಿಯೇ ಸಾವಿರಾರು ಮಂದಿ ಒಕ್ಕಲುಮಕ್ಕಳು ಕತ್ತಿ, ಕೋವಿ, ದೊಣ್ಣೆಗಳನ್ನು ಹಿಡಿದು ಮಂಗಳೂರಿಗೆ ನಡೆದರು. ಅವರ ಮುಂದೆ ಒಬ್ಬ ಜಂಗಮನಿದ್ದನು. ಅಥವಾ ಜಂಗಮನ ವೇಷದಲ್ಲಿ ಒಬ್ಬನಿದ್ದನು ಎನ್ನುವುದೇ ಹೆಚ್ಚು ಸರಿ. ಮಠದ ಭಕ್ತರು ಈ ಕಥೆಯನ್ನು ಕೇಳತಕ್ಕುದಕ್ಕೆ ಅದೊಂದೇ ಕಾರಣ ಸಾಕು.

ಅಮೇರಿಕೆಯ ಅಧ್ಯಕ್ಷರು ಜನರನ್ನು ಹೇಗೆ ಮುನ್ನಡೆಸಿದರು, ಹೇಗೆ ಮಾತನಾಡಿದರು, ಅವರ ಹಿಂದೆ ಏನು ಉಳಿಯಿತು ಎಂಬ ವಿಷಯಕ್ಕೆ ಈ ಕಾಡಿನ ಮೂಲೆಯಿಂದ ಪ್ರವೇಶಿಸುವುದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ಆದರೆ ಕಾಲಗಣನೆಯನ್ನು ನೋಡಿರಿ. 1837ನೆಯ ಮಾರ್ಚಿ 4ರಂದು ಆಂಡ್ರೂ ಜಾಕ್ಸನ್ ಎಂಬ ಅಧ್ಯಕ್ಷನು ತನ್ನ ಅಧಿಕಾರವನ್ನು ಮಾರ್ಟಿನ್ ವ್ಯಾನ್ ಬ್ಯೂರನ್ ಎಂಬವನಿಗೆ ಒಪ್ಪಿಸಿ, ಜನರಿಗೆ ಒಂದು ದೀರ್ಘವಾದ ಬೀಳ್ಕೊಡುಗೆಯ ಪತ್ರವನ್ನು ಪ್ರಕಟಿಸಿದನು. ಅದೇ ಮಾರ್ಚಿಯ ಕೊನೆಯಲ್ಲಿ, 30ನೆಯ ತಾರೀಖಿನ ಸುಮಾರಿಗೆ, ಸುಳ್ಯದ ಬಳಿಯ ಪೂಮಲೆಯಲ್ಲಿ ಜನರು ಕೂಡಿದರು. ಇವರಿಗೆ ಅವನ ಹೆಸರು ತಿಳಿದಿರಲಾರದು. ಅವನಿಗೆ ಇವರ ಊರು ತಿಳಿದಿರಲಾರದು. ಆದರೂ ಎರಡು ಕಡೆಯಲ್ಲಿಯೂ ಮಾತು ಹೊರಟುದು ನಾಣ್ಯದ ವಿಷಯದಲ್ಲಿಯೇ.

ಜಾಕ್ಸನನು ಬಡತನದಲ್ಲಿ ಹುಟ್ಟಿ ಸೇನಾಪತಿಯಾಗಿ ಮೆರೆದವನು. ಸಾಮಾನ್ಯ ಬೇಸಾಯಗಾರನ ಪಕ್ಷವನ್ನು ಹಿಡಿಯುವೆನೆಂದು ಘೋಷಿಸಿದ ಅಧ್ಯಕ್ಷರಲ್ಲಿ ಅವನ ಹೆಸರು ದೊಡ್ಡದು. ಕಾಗದದ ಹಣವೆಂದರೆ ಅವನಿಗೆ ಆಗದು, ಬ್ಯಾಂಕುಗಳೆಂದರೆ ಹಗೆ. 1836ರ ಜುಲೈ ತಿಂಗಳಿನಲ್ಲಿ ಅವನ ಸರಕಾರವು, ಸರಕಾರೀ ಭೂಮಿಯನ್ನು ಕೊಳ್ಳುವವರು ಬೆಳ್ಳಿ ಬಂಗಾರಗಳ ನಾಣ್ಯವನ್ನೇ ತರಬೇಕೆಂದು ಆಜ್ಞಾಪತ್ರವನ್ನು ಹೊರಡಿಸಿತು. ಬಡವನಿಗೆ ಹಿತವಾಗಲೆಂದು ಹೊರಟ ಆ ಆಜ್ಞೆಯು ನಾಣ್ಯವನ್ನು ದುರ್ಲಭವಾಗಿಸಿತು. ಅದೊಂದೇ ಕಾರಣವೆಂದು ಹೇಳಲಾಗದು, ಇಂಗ್ಲೆಂಡಿನ ಸಾಲದ ಬಿಗಿಯೂ ಹತ್ತಿಯ ಬೆಲೆ ಕುಸಿದುದೂ ಅದರೊಡನೆ ಸೇರಿದವು. ಮರುವರ್ಷದ ಮೇ 10ರಂದು ನ್ಯೂಯಾರ್ಕಿನ ಬ್ಯಾಂಕುಗಳು ನಾಣ್ಯವನ್ನು ಕೊಡಲಾರೆವೆಂದು ಕದವಿಕ್ಕಿದವು. ಆ ಆಪತ್ತೆಲ್ಲವೂ ಪಾಪ ವ್ಯಾನ್ ಬ್ಯೂರನನ ತಲೆಯ ಮೇಲೆ ಬಿದ್ದಿತು. 1840ರ ಚುನಾವಣೆಯಲ್ಲಿ ಅವನು ಸೋತನು.

ಇನ್ನು ಈ ಸೀಮೆಯ ಸಂಗತಿ. ಕೊಡಗನ್ನು ಆಳಿದ ಹಾಲೇರಿಯ ಅರಸರು ವೀರಶೈವರು. ಆ ವಂಶದ ಮೂಲಪುರುಷನು ಇಕ್ಕೇರಿಯ ಕಡೆಯಿಂದ ಜಂಗಮವೇಷದಲ್ಲಿ ಹಾಲೇರಿಗೆ ಬಂದು ನೆಲಸಿ, ಜನರ ಭಕ್ತಿಯನ್ನು ಗಳಿಸಿ, ಕ್ರಮೇಣ ಅರಸನಾದನೆಂದು ಪರಂಪರೆಯು ಹೇಳುವುದು. ಕಡೆಯ ದೊರೆ ಚಿಕ್ಕವೀರರಾಜೇಂದ್ರನನ್ನು ಕುಂಪಣಿಯವರು 1834ರಲ್ಲಿ ಪಟ್ಟದಿಂದಿಳಿಸಿ ದೇಶವನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಅರಸನು ಕ್ರೂರಿಯಾಗಿದ್ದನೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ಆದರೆ ಅವನ ಕೈಯಲ್ಲಿದ್ದ ಅಮರ ಸುಳ್ಯ ಪುತ್ತೂರುಗಳ ಮಾಗಣೆಗಳನ್ನು ಕೊಡಗಿನಿಂದ ಕಡಿದು ಕೆನರಾ ಜಿಲ್ಲೆಗೆ ಸೇರಿಸಿದಾಗ, ಒಕ್ಕಲಿಗೆ ತಟ್ಟಿದ ಪೆಟ್ಟು ಅರಸನ ಕ್ರೌರ್ಯಕ್ಕಿಂತ ಬೇರೆಯದು. ಅದುವರೆಗೆ ಅವನು ಕಂದಾಯವನ್ನು ಬೆಳೆದ ಬೆಳೆಯಲ್ಲಿ ತೆರುತ್ತಿದ್ದನು. ಈಗ ನಾಣ್ಯದಲ್ಲಿ ತೆರಬೇಕಾಯಿತು. ಭತ್ತವು ಮನೆಯಲ್ಲಿದೆ, ರೂಪಾಯಿ ಎಲ್ಲಿದೆ? ಕೊಯಿಲಿನ ಹೊತ್ತಿಗೆ ಎಲ್ಲರೂ ಒಮ್ಮೆಗೇ ಮಾರಲು ಹೊರಟರೆ ಬೆಲೆಯು ಇಳಿಯುವುದು; ಮಾರದೆ ಕುಳಿತರೆ ಸಾಲಗಾರನ ಬಾಗಿಲಿಗೆ ಹೋಗಬೇಕಾಗುವುದು. ಇದರ ಮೇಲೆ ಉಪ್ಪು ಹೊಗೆಸೊಪ್ಪುಗಳ ಮೇಲಣ ಸರಕಾರದ ಕಟ್ಟು. ಮಳೆಗಾಲದ ಆರು ತಿಂಗಳು ಕೆಸರಿನಲ್ಲಿ ನಿಂತು ದುಡಿಯುವವನಿಗೆ ಎಲೆ, ಅಡಿಕೆ, ಹೊಗೆಸೊಪ್ಪು ಎಂದರೆ ಏನೆಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ.

ಈ ಸಮಯದಲ್ಲಿ ಹಾಲೇರಿಯ ವಂಶದವರೆಂದು ಹೇಳಿಕೊಂಡ ಇಬ್ಬರು ಜಂಗಮರು ಒಬ್ಬರ ಹಿಂದೆ ಒಬ್ಬರು ಕಾಣಿಸಿಕೊಂಡರು. ಮೊದಲನೆಯವನು ಅಪರಂಪಾರ, ಅವನು ಸೆರೆಯಾದನು. ಎರಡನೆಯವನು ಕಲ್ಯಾಣಸ್ವಾಮಿ; ಅವನೂ ಸೆರೆಯಾದನು. ಆಗ ಬಂಡಾಯದ ಮುಖಂಡರು, ಶನಿವಾರಸಂತೆಯ ಕಡೆಯ ಪುಟ್ಟಬಸಪ್ಪನೆಂಬ ಸಾಮಾನ್ಯ ಬೇಸಾಯಗಾರನಿಗೆ ಕಾವಿಯನ್ನು ಹೊದಿಸಿ, ಇವನೇ ಕಲ್ಯಾಣಸ್ವಾಮಿಯೆಂದು ಜನರ ಮುಂದೆ ನಿಲ್ಲಿಸಿದರು. ಕಲ್ಯಾಣಪ್ಪನೆಂದು ಜನರು ಕರೆದುದು ಇವನನ್ನೇ. ಪೂಮಲೆಯ ಕಾಡಿನಲ್ಲಿ ಅವನ ದರ್ಶನಕ್ಕೆ ಜನರು ಬಂದು ಕಾಲಿಗೆರಗಿದರು. ಕೆದಂಬಾಡಿ ರಾಮಯ್ಯಗೌಡನು ಈ ಭಾಗದ ಗೌಡ ಮುಖಂಡರಲ್ಲಿ ಮುಂದಾಳಾಗಿದ್ದನು. ಅವನ ಮನೆಯಲ್ಲಿ ಮದುವೆಯೆಂಬ ನೆಪದಿಂದ ಜನರನ್ನು ಕೂಡಿಸಿದರೆಂದು ಈಗಲೂ ಸುಳ್ಯದಲ್ಲಿ ಹೇಳುವುದುಂಟು. ಕೊಡಗಿನಲ್ಲಿ ಸುಬೇದಾರ ಗುಡ್ಡೆಮನೆ ಅಪ್ಪಯ್ಯಗೌಡನು, ಬಂಟವಾಳದ ಕಡೆಯಲ್ಲಿ ನಂದಾವರದ ಲಕ್ಷ್ಮಪ್ಪ ಬಂಗರಸನು ಈ ಪಕ್ಷಕ್ಕೆ ಸೇರಿದರು. ಗೌಡ, ಬಂಟ, ಜೈನ, ಕುಡಿಯ, ಬ್ರಾಹ್ಮಣ ಎಂಬ ಭೇದವಿಲ್ಲದೆ ಹೆಸರುಗಳು ಆ ಪಟ್ಟಿಯಲ್ಲಿ ದೊರೆಯುವುವು.

ಕಲ್ಯಾಣಪ್ಪನ ಹೆಸರಿನಲ್ಲಿ ನಿರೂಪಗಳು ಹೊರಟವು. ಮೂರು ವರ್ಷಗಳ ಕಂದಾಯ ಮಾಫಿ. ಉಪ್ಪು ಹೊಗೆಸೊಪ್ಪುಗಳ ಸುಂಕವು ಇನ್ನಿಲ್ಲ. ಇದಿಷ್ಟೇ ಅದರ ಸಾರ. ಯಾವ ಅಲಂಕಾರವೂ ಇಲ್ಲದ ಈ ಮಾತನ್ನು ಊರೂರಿನ ಪಟೇಲರ ಚಾವಡಿಯಲ್ಲಿ ಓದಿದರೆ ಓದುಬಾರದವನೂ ಒಂದೇ ಸಲಕ್ಕೆ ಗ್ರಹಿಸುವನು. ಬೆಳ್ಳಾರೆಯ ಖಜಾನೆಯು ಕೈಸೇರಿತು. ದಂಡಿನೊಡನೆ ಪುತ್ತೂರಿಗೆ ಬಂದ ಕಲೆಕ್ಟರನು ಹಿಮ್ಮೆಟ್ಟಿ ಮಂಗಳೂರಿಗೆ ಹೋದನು. ಏಪ್ರಿಲ್ 5ರಂದು ಕಲ್ಯಾಣಪ್ಪನ ಜನರು ಮಂಗಳೂರನ್ನು ಹೊಕ್ಕರು. ಕಚೇರಿಗೆ ಬೆಂಕಿ ಬಿದ್ದಿತು, ಸೆರೆಮನೆಯು ಬರಿದಾಯಿತು, ಗುಡ್ಡದ ಮೇಲೆ ಹಾಲೇರಿಯ ಬಾವುಟವು ಏರಿತು. ಬಾವುಟಗುಡ್ಡೆಯೆಂಬ ಹೆಸರು ಆಗಿನದೆಂದು ಜನರ ನಂಬಿಕೆ. ಆ ಆಳಿಕೆಯನ್ನು 13 ದಿನಗಳದೆಂದು ಎಣಿಸುವುದು ವಾಡಿಕೆ. ಕಣ್ಣಾನೂರು ಮುಂತಾದ ಕಡೆಗಳಿಂದ ಕುಂಪಣಿಯ ಸೈನ್ಯವು ಸಮುದ್ರಮಾರ್ಗವಾಗಿ ಬಂದೊಡನೆ ಎಲ್ಲವೂ ಕರಗಿತು. ಪುಟ್ಟಬಸಪ್ಪನನ್ನೂ ಲಕ್ಷ್ಮಪ್ಪ ಬಂಗರಸನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗುಡ್ಡೆಮನೆ ಅಪ್ಪಯ್ಯಗೌಡನಿಗೂ ಅದೇ ಗತಿಯಾಯಿತು. ಹಲವರು ಕಡಲಾಚೆಗೆ ಗಡೀಪಾರಾದರು.

ಇಲ್ಲಿ ಒಂದು ಕಷ್ಟವಾದ ಪ್ರಶ್ನೆಯಿದೆ. ಮಠದ ಅಂಗಳದಲ್ಲಿ ನಿಂತು ಅದನ್ನು ದಾಟಿಹೋಗುವುದು ಉಚಿತವಲ್ಲ. ಪುಟ್ಟಬಸಪ್ಪನು ಕಲ್ಯಾಣಸ್ವಾಮಿಯಾಗಿರಲಿಲ್ಲ. ಕಾಲಿಗೆರಗಿದ ಒಕ್ಕಲಿಗನು ಎರಗಿದುದು ಅರಸುಕುಲಕ್ಕೆ ಮಾತ್ರವಲ್ಲ, ಜಂಗಮಕ್ಕೆ. ಗುರು ಲಿಂಗ ಜಂಗಮಗಳೆಂದು ದಿನವೂ ಸ್ಮರಿಸುವ ಜನಕ್ಕೆ ಜಂಗಮವೆಂಬುದು ವೇಷವಲ್ಲ. ಆ ಭಕ್ತಿಯನ್ನು ಬಲ್ಲವರೇ ಉಪಾಯವಾಗಿ ಬಳಸಿಕೊಂಡರು. ಕುಂಪಣಿಯ ಕಡೆಯವರು ಈ ಒಂದು ವಿಷಯದಲ್ಲಿ ವಂಚನೆಯೆಂದು ಬರೆದುದನ್ನು ಸುಳ್ಳೆನ್ನುವಂತಿಲ್ಲ. ದೇಶಾಭಿಮಾನದಿಂದ ಬರೆಯುವವರು ಅನೇಕರು ಈ ಭಾಗವನ್ನು ಬೇಗ ಬೇಗನೆ ಓದಿ ಮುಗಿಸುವರು. ಅದು ನ್ಯಾಯವಲ್ಲ. ಆದರೆ ಹೆಸರು ಸುಳ್ಳಾಗಿದ್ದ ಮಾತ್ರಕ್ಕೆ ಕಂದಾಯದ ಭಾರವು ಸುಳ್ಳಾಗಲಿಲ್ಲ. ಆ ಭಾರವಿಲ್ಲದಿದ್ದರೆ ಯಾವ ಕಾವಿಯೂ ಆ ಜನವನ್ನು ಮಂಗಳೂರಿನವರೆಗೆ ನಡೆಸಲಾರದಾಗಿದ್ದಿತು. ತನ್ನದಲ್ಲದ ಹೆಸರನ್ನು ಹೊತ್ತ ಆ ಬೇಸಾಯಗಾರನು ಕಡೆಗೆ ತನ್ನದೇ ಕೊರಳನ್ನು ಕೊಟ್ಟನೆಂಬುದನ್ನೂ ತಕ್ಕಡಿಯಲ್ಲಿಡಬೇಕು.

ನಿರೂಪದ ಪ್ರಶ್ನೆಯು ಇನ್ನೂ ಸೂಕ್ಷ್ಮವಾದುದು. ತನ್ನ ಆಳಿಕೆಯೇ ನೆಲೆಗೊಳ್ಳದ ನಾಡಿನಲ್ಲಿ ಕಂದಾಯವನ್ನು ಮಾಫಿ ಮಾಡುವವನ ಮಾತಿಗೆ ಏನು ಬೆಲೆ? ಇದಕ್ಕೆ ಅಮೇರಿಕೆಯಲ್ಲಿಯೇ ಒಂದು ದೊಡ್ಡ ಉದಾಹರಣೆಯುಂಟು. 1863ನೆಯ ಜನವರಿ 1ರಂದು ಅಬ್ರಹಾಂ ಲಿಂಕನನು ದಾಸ್ಯವಿಮೋಚನೆಯ ಘೋಷಣೆಯನ್ನು ಹೊರಡಿಸಿದನು. ಅದು ಅನ್ವಯಿಸಿದುದು ದಂಗೆಯೆದ್ದ ಸಂಸ್ಥಾನಗಳಿಗೆ ಮಾತ್ರ. ಎಂದರೆ ಬಹುಪಾಲು ಅವನ ಆಜ್ಞೆಯು ಆಗ ನಡೆಯದ ನೆಲಕ್ಕೆ. ಅವನ ಪಕ್ಷದಲ್ಲಿಯೇ ಉಳಿದಿದ್ದ ಗಡಿಯ ಸಂಸ್ಥಾನಗಳ ದಾಸರಿಗೆ ಅದರಿಂದ ಬಿಡುಗಡೆಯಾಗಲಿಲ್ಲ. ಇದೆಂತಹ ಬಿಡುಗಡೆಯೆಂದು ಆಗಲೇ ಹಾಸ್ಯಮಾಡಿದವರಿದ್ದರು. ಆದರೆ ಸೈನ್ಯವು ಮುಂದೆ ಸಾಗಿದಂತೆಲ್ಲ ಆ ಕಾಗದವು ನಿಜವಾಗುತ್ತ ಹೋಯಿತು. 1865ರ ಡಿಸೆಂಬರಿನಲ್ಲಿ ರಾಜ್ಯಾಂಗದ ಹದಿಮೂರನೆಯ ತಿದ್ದುಪಡಿಯು ಅಂಗೀಕೃತವಾದಾಗ ಅದು ದೇಶಕ್ಕೆಲ್ಲ ಕಾನೂನಾಯಿತು. ಅಷ್ಟರಲ್ಲಿ ಲಿಂಕನನು ಕೊಲೆಯಾಗಿದ್ದನು. ಕಲ್ಯಾಣಪ್ಪನ ನಿರೂಪಕ್ಕೆ ಅಂತಹ ಸುಮಾರು ಮೂರು ವರ್ಷಗಳು ದೊರೆಯಲಿಲ್ಲ, 13 ದಿನಗಳು ದೊರೆತವು. ಮುಂದೆ ಅವನು ಮಾತನ್ನು ಉಳಿಸಿಕೊಳ್ಳುತ್ತಿದ್ದನೋ, ಗೆದ್ದ ಅರಸರೆಲ್ಲರಂತೆ ಮೂರನೆಯ ವರ್ಷಕ್ಕೆ ಮೊದಲೇ ಕಂದಾಯವನ್ನು ಕೇಳುತ್ತಿದ್ದನೋ ಹೇಳಬಲ್ಲವರಾರು?

ಮಾತಿಗೆ ಮರುದಿನವೇ ಫಲವನ್ನು ಕಂಡ ಅಧ್ಯಕ್ಷರೂ ಇರುವರು. 1933ನೆಯ ಮಾರ್ಚಿ 12ರ ರಾತ್ರಿ ಫ್ರಾಂಕ್ಲಿನ್ ರೂಸ್‌ವೆಲ್ಟನು ಬಾನುಲಿಯಲ್ಲಿ, ಮನೆಯ ಜಗಲಿಯಲ್ಲಿ ಕುಳಿತು ನೆರೆಯವನಿಗೆ ತಿಳಿಹೇಳುವಂತೆ, ಬ್ಯಾಂಕೆಂದರೇನು, ಅದು ಏಕೆ ಮುಚ್ಚಿತು, ಹೇಗೆ ತೆರೆಯುವುದು ಎಂಬುದನ್ನು ವಿವರಿಸಿದನು. ಮರುದಿನ ಬ್ಯಾಂಕುಗಳು ತೆರೆಯತೊಡಗಿದಾಗ ಜನರು ಹಣವನ್ನು ತೆಗೆಯುವುದಕ್ಕೆ ಬದಲಾಗಿ ಇಡಲು ಸಾಲುಗಟ್ಟಿ ನಿಂತರು. ಆ ಮಾತಿನ ಹಿಂದೆ ಮೂರು ದಿನಗಳ ಮೊದಲೇ ಅಂಗೀಕೃತವಾದ ಕಾನೂನು ಇದ್ದಿತೆಂಬುದನ್ನು ಮರೆಯಬಾರದು.

ಜಾಕ್ಸನನಿಗೆ ತಿರುಗಿ ಬರೋಣವಾಗಲಿ. ಸಾಮಾನ್ಯನ ಬಂಧುವೆಂದು ಹೊಗಳಿಸಿಕೊಂಡ ಅವನೇ 1830ರಲ್ಲಿ ಮೂಲನಿವಾಸಿಗಳನ್ನು ಅವರ ನೆಲದಿಂದ ಕಳುಹಿಸುವ ಕಾನೂನಿಗೆ ಸಹಿ ಹಾಕಿದನು. ಅದು ಅವರ ಹಿತಕ್ಕಾಗಿಯೇ ಎಂದು ಶಾಸನಸಭೆಗೆ ಕಳುಹಿಸಿದ ಸಂದೇಶದಲ್ಲಿ ಬರೆದನು. ವ್ಯಾನ್ ಬ್ಯೂರನನ ಕಾಲದಲ್ಲಿ, 1838ರಲ್ಲಿ, ಚೆರೋಕಿ ಜನರನ್ನು ಸೈನಿಕರ ಕಾವಲಿನಲ್ಲಿ ಪಶ್ಚಿಮಕ್ಕೆ ನಡೆಸಿದರು; ದಾರಿಯಲ್ಲಿಯೂ ಶಿಬಿರಗಳಲ್ಲಿಯೂ ಸಾವಿರಾರು ಮಂದಿ ಸತ್ತರು. ಮುಂದೆ 1928ರಲ್ಲಿ ಅಮೇರಿಕೆಯವರು ತಮ್ಮ ಇಪ್ಪತ್ತು ಡಾಲರಿನ ನೋಟಿನ ಮೇಲೆ ಜಾಕ್ಸನನ ಮುಖವನ್ನು ಅಚ್ಚುಹಾಕಿದರು. ಕಾಗದದ ಹಣವನ್ನು ಅಷ್ಟು ದ್ವೇಷಿಸಿದವನಿಗೆ ಇದಕ್ಕಿಂತ ಹೆಚ್ಚಿನ ಶಿಕ್ಷೆಯನ್ನು ಅವನ ವೈರಿಗಳೂ ಊಹಿಸಿರಲಾರರು. ಚೆರೋಕಿಯವನೊಬ್ಬನು ಆ ನೋಟನ್ನು ಯಾವ ಮನಸ್ಸಿನಿಂದ ಕೈಯಲ್ಲಿ ಹಿಡಿಯುವನೋ!

ಈ ಸೀಮೆಯಲ್ಲಿಯೂ ಗೆದ್ದವರು ಲೋಹದ ಮೇಲೆ ತಮ್ಮ ಮಾತನ್ನು ಅಚ್ಚೊತ್ತಿದರು. ದಂಗೆಯನ್ನಡಗಿಸಲು ನೆರವಾದ ಕೊಡಗಿನವರಿಗೆ ಕುಂಪಣಿಯು ಬಂಗಾರದ ಮತ್ತು ಬೆಳ್ಳಿಯ ಪದಕಗಳನ್ನು ಮಾಡಿಸಿ ಹಂಚಿತು. ಅವುಗಳ ಒಂದು ಮಗ್ಗುಲಲ್ಲಿ ಕನ್ನಡದ ಅಕ್ಷರಗಳೇ ಇದ್ದವು. ಸೋತವರಿಗೆ ಉಳಿದುದು 'ಕಲ್ಯಾಣಪ್ಪನ ಕಾಟಕಾಯಿ' ಎಂಬ ಹೆಸರು. ಸುಲಿಗೆ, ದೊಂಬಿ ಎಂಬ ಅರ್ಥದಲ್ಲಿ ಅದು ಬಹುಕಾಲ ನಡೆಯಿತು. ದೊಂಬಿಯಲ್ಲಿ ಮನೆಮಾರು ಕಳೆದುಕೊಂಡವರೂ ಇದ್ದರಾದುದರಿಂದ ಆ ಹೆಸರು ಪೂರ್ತಿ ಸರಕಾರವೇ ಹುಟ್ಟಿಸಿದುದೆನ್ನಲಾಗದು. ಕಥೆಯು ಮತ್ತೊಂದು ಮುಖದಿಂದ ಓದುಗರ ಕಡೆಗೆ ತಿರುಗಿದುದು ನಿರಂಜನರ 'ಕಲ್ಯಾಣಸ್ವಾಮಿ' ಎಂಬ ಕಾದಂಬರಿಯಿಂದ. ಅನಂತರ ಸುಳ್ಯ ಮಡಿಕೇರಿಗಳ ಇತಿಹಾಸಾಸಕ್ತರು ಹಳೆಯ ದಫ್ತರಗಳನ್ನು ಬಿಚ್ಚಿ, ಇದನ್ನು 1857ಕ್ಕೆ ಇಪ್ಪತ್ತು ವರ್ಷ ಮೊದಲು ನಡೆದ ಸ್ವಾತಂತ್ರ್ಯಸಮರವೆಂದು ಕರೆದರು. 2022ನೆಯ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯಗೌಡನ ಕಂಚಿನ ಪ್ರತಿಮೆಯು ಅನಾವರಣಗೊಂಡಿತು. ಆ ಗೌಡನ ಬದಿಯಲ್ಲಿ ಕಾವಿಯುಟ್ಟು ಮುಂದೆ ನಡೆದವನ ಮೂರ್ತಿಯಿಲ್ಲ. ಶನಿವಾರಸಂತೆಯ ಕಡೆಯ ಆ ಪುಟ್ಟಬಸಪ್ಪನ ಮುಖವು ಹೇಗಿದ್ದಿತೆಂಬುದನ್ನು ಬರೆದಿಟ್ಟವರಿಲ್ಲ. ಪೂಮಲೆಯಲ್ಲಿ ಕಾಲಿಗೆರಗಿದವರು ತಲೆಯೆತ್ತಿ ನೋಡಿದುದು ಕಲ್ಯಾಣಸ್ವಾಮಿಯನ್ನು.