ಮನೆಗೆ ನಲ್ಲಿ: ಖರ್ಚು ಯಾರದು, ಹೊಣೆ ಯಾರದು?

(ದಾವಣಗೆರೆಯ ಹೊರವಲಯದ ಬಡಾವಣೆಯೊಂದರಲ್ಲಿ ನಿವಾಸಿಗಳ ಸಭೆಯಲ್ಲಿ ಮಾಡಿದ ಭಾಷಣ)



ದೊಡ್ಡ ಸಿದ್ಧಾಂತಗಳನ್ನು ಹೇಳಲು ನಾನಿಲ್ಲಿ ನಿಂತಿಲ್ಲ. ನಲ್ಲಿ, ಪೈಪು, ಪಾಯಿಖಾನೆ ಗುಂಡಿ, ಇವುಗಳ ಮಾತನ್ನೇ ಆಡುತ್ತೇನೆ. ಇದು ಸಣ್ಣ ವಿಷಯವೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಅಮೆರಿಕದ ಮಿಲ್ವಾಕಿ ಎಂಬ ಕೈಗಾರಿಕಾ ನಗರದಲ್ಲಿ 1910ರಲ್ಲಿ ಎಮಿಲ್ ಸೈಡಲ್ ಎಂಬ ಸಮಾಜವಾದಿ ಮೇಯರ್ ಆದರು. ಅಲ್ಲಿನ ಸಮಾಜವಾದಿಗಳು ಸದಾ ನೀರು, ಚರಂಡಿ, ಆರೋಗ್ಯ ಎನ್ನುತ್ತಿದ್ದುದರಿಂದ ಅವರಿಗೆ ‘ಚರಂಡಿ ಸಮಾಜವಾದಿಗಳು’ ಎಂಬ ಅಡ್ಡಹೆಸರು ಬಿತ್ತು. ಹೆಸರಿಟ್ಟವರು ನಕ್ಕರು; ಊರಿನ ಜನ ಮಾತ್ರ 1960ರೊಳಗೆ ಮೂವರು ಸಮಾಜವಾದಿ ಮೇಯರುಗಳನ್ನು ಆರಿಸಿದರು.

ನಮ್ಮ ಊರಿಗೆ ಬರೋಣ. ದಾವಣಗೆರೆ 2007ರಲ್ಲಿ ಮಹಾನಗರ ಪಾಲಿಕೆಯಾಯಿತು. ಮನೆಗಳು ಹೊಲದ ಮೇಲೆ ಹೊಲ ದಾಟಿ ಬೆಳೆದವು. ಕಾನೂನು ಮಾತ್ರ ಗಡಿಕಲ್ಲಿನ ಬಳಿ ನಿಂತುಬಿಟ್ಟಿತು. ಈ ಬದಿ ಪಾಲಿಕೆ, ಆ ಬದಿ ಗ್ರಾಮ ಪಂಚಾಯಿತಿ. ಒಳಚರಂಡಿಯುಳ್ಳ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಸರ್ಕಾರವೇ ಒಪ್ಪಿದ ಅಳತೆ. ಹಳ್ಳಿಗೆ 2019ರ ಜಲಜೀವನ ಯೋಜನೆ ಗೊತ್ತು ಮಾಡಿದ್ದು 55 ಲೀಟರ್. ಐದು ಜನರ ಸಂಸಾರಕ್ಕೆ ಲೆಕ್ಕ ಹಾಕಿರಿ: ಅಲ್ಲಿ 675 ಲೀಟರ್, ಇಲ್ಲಿ 275. ನಡುವಿನ ಅಂತರ 400 ಲೀಟರ್, ಎಂದರೆ ಹದಿನೈದು ಲೀಟರಿನ ಕೊಡದಲ್ಲಿ ಇಪ್ಪತ್ತಾರು ಕೊಡಕ್ಕೂ ಹೆಚ್ಚು. ಒಂದೇ ಗಿರಣಿಯಲ್ಲಿ ಒಂದೇ ಪಾಳಿ ದುಡಿದು ಬಂದವರಿಗೆ ರಸ್ತೆಯ ಎರಡು ಬದಿಯಲ್ಲಿ ಎರಡು ಬಗೆಯ ಬಾಯಾರಿಕೆಯೆ? ಆ ಯೋಜನೆಯಾದರೂ 2024ಕ್ಕೆ ಮುಗಿಯಬೇಕಾಗಿತ್ತು. 2025ರ ಬಜೆಟ್ಟಿನಲ್ಲಿ ಗಡುವನ್ನು 2028ಕ್ಕೆ ತಳ್ಳಿದರು.

ಇನ್ನು ಅನುಮತಿಯ ಮಾತು. ನಲ್ಲಿಗೆ ಅರ್ಜಿ ಹಾಕಿದರೆ ಮೊದಲು ಕೇಳುವುದು ಮನೆಯ ಖಾತೆ, ಕಂದಾಯ ಕಟ್ಟಿದ ರಸೀದಿ. ಆಮೇಲೆ ಠೇವಣಿ, ಸಂಪರ್ಕದ ಶುಲ್ಕ, ರಸ್ತೆ ಅಗೆಯುವ ಶುಲ್ಕ, ಮೀಟರು, ಪ್ಲಂಬರನ ಕೂಲಿ. ಕೃಷಿ ಜಮೀನನ್ನು ತುಂಡು ಮಾಡಿ ನಿವೇಶನವೆಂದು ಮಾರಿದವನು ಹಣ ಎಣಿಸಿಕೊಂಡು ಹೋದ. ಕೊಂಡ ಬಡವ ಖಾತೆಗಾಗಿ ಕಚೇರಿಯ ಮೆಟ್ಟಿಲು ಸವೆಸುತ್ತಾನೆ. ಈ ಅಲೆದಾಟದಲ್ಲೇ ದಲ್ಲಾಳಿ ಹುಟ್ಟುವುದು. ದಲ್ಲಾಳಿಗೆ ಕೊಟ್ಟ ದುಡ್ಡಿಗೆ ರಸೀದಿ ಇಲ್ಲ. ರಸೀದಿ ಇಲ್ಲದ ನಲ್ಲಿಯನ್ನು ನಾಳೆ ಕಿತ್ತರೆ ಕೇಳುವ ಹಕ್ಕೂ ಇಲ್ಲ.

2011ರ ಸಕಾಲ ಕಾಯಿದೆ ಇರುವುದೇ ಇದಕ್ಕೆ. ಪಟ್ಟಣದಲ್ಲಿ ನೀರಿನ ಸಂಪರ್ಕವೂ ಅದರ ಪಟ್ಟಿಯಲ್ಲುಂಟು. ಅರ್ಜಿ ಕೊಟ್ಟೊಡನೆ ಸಕಾಲದ ಸಂಖ್ಯೆಯುಳ್ಳ ಸ್ವೀಕೃತಿ ಕೇಳಿ ಪಡೆಯಿರಿ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರ ಕೇಳಬಹುದು. ಮೊತ್ತ ಸಣ್ಣದು. ಆದರೆ ಅದು ತಪ್ಪಿತಸ್ಥ ನೌಕರನ ಸಂಬಳದಿಂದ ಹೋಗತಕ್ಕದ್ದು. ಅದಕ್ಕೇ ಅದರ ಬಿಸಿ ದೊಡ್ಡದು.

ಖರ್ಚು ತಗ್ಗಿಸುವ ಬಗೆಯೂ ಉಂಟು. ಹತ್ತು ಮನೆಯವರು ಹತ್ತು ದಿನ ಬೇರೆ ಬೇರೆ ಅಗೆಸಿದರೆ ಹತ್ತು ಕಡೆ ರಸ್ತೆ ಹಾಳು, ಹತ್ತು ಸಲ ಪ್ಲಂಬರನ ಕೂಲಿ. ಒಂದೇ ಸಾಲಿನವರು ಒಂದೇ ದಿನ ಅರ್ಜಿ ಕೊಟ್ಟು, ಒಂದೇ ಸಲ ಕೆಲಸ ಹಿಡಿಸಿರಿ. ಪೈಪುಗಳನ್ನು ಒಟ್ಟಿಗೆ ಕೊಳ್ಳಿರಿ. ಪೈಪಿನ ಅಗಲದಲ್ಲಿ ಜಿಪುಣತನ ಬೇಡ. ಮುಕ್ಕಾಲು ಇಂಚಿನ ಪೈಪಿನ ಬಾಯಿ ಅರ್ಧ ಇಂಚಿನದಕ್ಕಿಂತ ಎರಡೂಕಾಲು ಪಾಲು ದೊಡ್ಡದು. ಸೋರುವ ನಲ್ಲಿಯನ್ನೂ ಕಡೆಗಣಿಸಬೇಡಿ. ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ, ನಾಲ್ಕು ಲೀಟರಿಗೂ ಮೇಲೆ. ಅದನ್ನು ನಿಲ್ಲಿಸಲು ಬೇಕಾದುದು ಬಹಳ ಸಲ ಒಂದು ರಬ್ಬರ್ ವಾಷರು ಮಾತ್ರ.

ಒಂದು ಕಠಿಣ ಮಾತನ್ನು ನಮ್ಮವರಿಗೇ ಹೇಳಬೇಕಾಗಿದೆ. ನಲ್ಲಿಗೆ ನೇರವಾಗಿ ಮೋಟಾರು ಹಚ್ಚಿ ನೀರೆಳೆಯುವುದು ಕಳ್ಳತನ. ಕಸುವುಳ್ಳವನು ಎಳೆದುಕೊಂಡ ಮೇಲೆ ಸಾಲಿನ ಕೊನೆಯ ಮನೆಗೆ ಉಳಿಯುವುದು ಗಾಳಿ. ಅಷ್ಟೇ ಅಲ್ಲ, ಪೈಪಿನೊಳಗೆ ಒತ್ತಡ ಇಳಿದಾಗ ಬಿರುಕು ಬಿಟ್ಟ ಕೀಲುಗಳಿಂದ ಮೋರಿಯ ನೀರು ಒಳಕ್ಕೆ ಹೀರಿಕೊಳ್ಳುತ್ತದೆ. ಅದನ್ನು ಕುಡಿಯುವವರಲ್ಲಿ ಮೋಟಾರು ಹಚ್ಚಿದವನ ಮಕ್ಕಳೂ ಇರುತ್ತಾರೆ.

ಈಗ ಪಾಯಿಖಾನೆ ಗುಂಡಿ. ಇಂಗುವ ಗುಂಡಿಗೂ ಬಾವಿ ಅಥವಾ ಕೊಳವೆಬಾವಿಗೂ ಕನಿಷ್ಠ 10 ಮೀಟರ್ ದೂರವಿರಬೇಕೆಂದು ಬಲ್ಲವರು ಹೇಳುತ್ತಾರೆ. ನಮ್ಮ ನಿವೇಶನ ಎಷ್ಟು? ಇಪ್ಪತ್ತಕ್ಕೆ ಮೂವತ್ತು ಅಡಿ. ಮೂವತ್ತು ಅಡಿ ಎಂದರೆ ಒಂಬತ್ತು ಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ನಮ್ಮ ಗುಂಡಿಯನ್ನು ನಮ್ಮ ಕೊಳವೆಬಾವಿಯಿಂದ ಹೇಗೋ ದೂರವಿಟ್ಟರೆ ಅದು ಪಕ್ಕದವರ ಬಾವಿಗೆ ಹತ್ತಿರವಾಗುತ್ತದೆ. ಅವರವರ ನೀರು, ಅವರವರ ಗುಂಡಿ ಎಂಬ ನೀತಿ ಇಲ್ಲಿ ಅಳತೆಯ ಪಟ್ಟಿಗೇ ಸೋಲುತ್ತದೆ. ಸಾಮೂಹಿಕ ನೀರು, ಸಾಮೂಹಿಕ ಒಳಚರಂಡಿ ಬೇಕೆಂದು ನಾವು ಹೇಳುವುದು ಘೋಷಣೆಗಾಗಿ ಅಲ್ಲ. ಬೇರೆ ದಾರಿ ಇಲ್ಲವೆಂದು.

ಅಲ್ಲಿಯವರೆಗೆ ಗುಂಡಿ ತುಂಬಿದರೆ ಯಂತ್ರದ ಗಾಡಿಯನ್ನೇ ಕರೆಸಿರಿ. ಸ್ವಲ್ಪ ಹಣ ಉಳಿಯುತ್ತದೆಂದು ಮನುಷ್ಯನನ್ನು ಇಳಿಸಬೇಡಿ. ಒಳಗಿನ ವಿಷಗಾಳಿಗೆ ಬಣ್ಣವಿಲ್ಲ. ಇಳಿದವನು ಮೇಲೆ ಬರುವುದಿಲ್ಲ, ಎತ್ತಲು ಇಳಿದವನೂ ಬರುವುದಿಲ್ಲ. 2013ರ ಕಾಯಿದೆ ರಕ್ಷಣೆಯಿಲ್ಲದೆ ಇಳಿಸುವುದನ್ನು ಅಪರಾಧವೆಂದಿದೆ: ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಎರಡು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಹೇಳಿತು. ಹಣದಿಂದ ಜೀವ ಬರುವುದಿಲ್ಲ. ಇನ್ನೊಬ್ಬ ಕೆಲಸಗಾರನ ಪ್ರಾಣದ ಮೇಲೆ ನಮ್ಮ ಮನೆಯ ಶುಚಿತ್ವ ನಿಲ್ಲಕೂಡದು.

ನಮ್ಮ ಬೇಡಿಕೆಗಳು ನಾಲ್ಕು. ಗಡಿಯ ಎರಡೂ ಬದಿಗೆ ಒಂದೇ ನೀರಿನ ಅಳತೆ. ಎಲ್ಲ ಶುಲ್ಕಗಳ ಪಟ್ಟಿ ಕಚೇರಿಯ ಗೋಡೆಯ ಮೇಲೆ, ಕನ್ನಡದಲ್ಲಿ, ದಪ್ಪಕ್ಷರದಲ್ಲಿ. ಬಡವರು ಠೇವಣಿಯನ್ನು ಕಂತಿನಲ್ಲಿ ಕಟ್ಟಲು ಅವಕಾಶ. ನೀರು ಬಿಡುವ ಹೊತ್ತು ಮೊದಲೇ ಸಾರುವುದು; ರಾತ್ರಿ ಪಾಳಿ ಮುಗಿಸಿದವನು ನಿದ್ದೆಗೆಟ್ಟು, ಚಹದಂಗಡಿಯವನು ಬೆಳಗಿನ ಗಿರಾಕಿ ಬಿಟ್ಟು ನಲ್ಲಿ ಕಾಯುವಂತಾಗಬಾರದು.

ಬೇಡಿಕೆ ಬಾಯಲ್ಲಿದ್ದರೆ ಸಾಲದು. ಪ್ರತಿ ಸಾಲಿನಿಂದ ಇಬ್ಬರನ್ನು, ಅವರಲ್ಲಿ ಒಬ್ಬರು ಹೆಂಗಸಾಗಿರುವಂತೆ, ಇಂದೇ ಆರಿಸಿರಿ. ನೀರಿನ ಕಷ್ಟ ಹೊತ್ತ ಸೊಂಟಕ್ಕೆ ಗೊತ್ತಿರುವಷ್ಟು ಭಾಷಣಕಾರನಿಗೆ ಗೊತ್ತಿಲ್ಲ. ಅರ್ಜಿಗಳನ್ನು ಬರೆಯಿರಿ, ಒಂದೊಂದು ನಕಲು ಇಟ್ಟುಕೊಳ್ಳಿರಿ, ಎಲ್ಲರೂ ಕೂಡಿ ಹೋಗಿ ಕೊಡೋಣ. ಒಬ್ಬನ ಅರ್ಜಿ ಕಡತದ ಅಡಿಗೆ ಹೋಗಬಹುದು. ಒಂದು ಬೀದಿಯ ಅರ್ಜಿ ಮೇಜಿನ ಮೇಲೆಯೇ ಇರುತ್ತದೆ.