ಸೌರ ವಿದ್ಯುತ್ತು ಮತ್ತು ಹೊಲದ ತಂತಿಯ ರಕ್ಷಣೆ



ಹಳ್ಳಿಯ ವಿದ್ಯುತ್ತು ಬಹುಕಾಲ ಕಾಲುವೆಯ ನೀರಿನಂತೆ ಒಂದೇ ದಿಕ್ಕಿನಲ್ಲಿ ಹರಿಯಿತು: ಉಪಕೇಂದ್ರದಿಂದ ಟ್ರಾನ್ಸ್‌ಫಾರ್ಮರಿಗೆ, ಅಲ್ಲಿಂದ ಪಂಪ್‌ಸೆಟ್ಟಿಗೆ. ಈಗ ಕಾಲುವೆಯ ಕೊನೆಯಿಂದಲೂ ವಿದ್ಯುತ್ತು ಬರತೊಡಗಿದೆ. 2014ರಲ್ಲಿ ಪ್ರಕಟವಾದ ಸೂರ್ಯ ರೈತ ಯೋಜನೆಯಂತೆ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಪಂಪ್‌ಸೆಟ್ಟುಗಳಿಗೆ ಸೌರ ಫಲಕ ಜೋಡಿಸಿ, ಮಿಕ್ಕ ವಿದ್ಯುತ್ತನ್ನು ಲೈನಿಗೆ ಬಿಡುವ ಏರ್ಪಾಡಾಯಿತು. 2019ರ ಪಿ.ಎಂ. ಕುಸುಮ್ ಯೋಜನೆಯು ರೈತರ ಜಮೀನಿನಲ್ಲಿ 500 ಕಿಲೋವಾಟಿನಿಂದ 2 ಮೆಗಾವಾಟಿನವರೆಗಿನ ಘಟಕಗಳಿಗೂ ಅವಕಾಶವಿತ್ತಿತು. ಇದು ಲಾಭದಾಯಕವೇ ಸರಿ. ಆದರೆ ಲೈನಿನ ರಕ್ಷಣೆಯ ಕ್ರಮವೂ ಇದರೊಡನೆ ಬದಲಾಗಬೇಕು.

ತಂತಿಗಳು ಒಂದಕ್ಕೊಂದು ತಗುಲಿದಾಗ ಉಪಕೇಂದ್ರದ ಕಡೆಯಿಂದ ಎಂದಿಗಿಂತ ಹಲವು ಪಟ್ಟು ಕರೆಂಟು ನುಗ್ಗುತ್ತದೆ. ಆ ಕಾವಿಗೆ ಫ್ಯೂಸ್ ಕರಗಿ ಅಪಾಯ ತಪ್ಪುತ್ತದೆ. ಸೌರ ವಿದ್ಯುತ್ತು ಬರುವುದು ಇನ್ವರ್ಟರ್ ಮೂಲಕ. ತಾನು ಸುಟ್ಟುಹೋಗದಂತೆ ಅದು ಕರೆಂಟನ್ನು ಸಾಮಾನ್ಯವಾಗಿ ಒಂದೂವರೆ ಪಟ್ಟಿನೊಳಗೇ ತಡೆಯುತ್ತದೆ. 10 ಕಿಲೋವಾಟಿನ ಮೂರು ಫೇಸ್ ಇನ್ವರ್ಟರ್ ಪೂರ್ಣ ಬಿಸಿಲಿನಲ್ಲಿ ಸುಮಾರು 14 ಆಂಪಿಯರ್ ಕೊಡುತ್ತದೆ; ದೋಷವಾದಾಗಲೂ 21 ಆಂಪಿಯರ್ ಆಸುಪಾಸು ಮಾತ್ರ. ಇಷ್ಟಕ್ಕೆ ಫ್ಯೂಸ್ ಕರಗದಿರಬಹುದು. ಇಂಥ ಘಟಕಗಳು ಹೆಚ್ಚಿದ ಲೈನಿನಲ್ಲಿ ಉಪಕೇಂದ್ರದಿಂದ ಬರುವ ದೋಷದ ಕರೆಂಟು ತಗ್ಗಿ, ಅಲ್ಲಿನ ರಿಲೇ ತಡವಾಗಿ ಎಚ್ಚರಗೊಳ್ಳುವ ಸಂಭವವೂ ಉಂಟು. ಆದ್ದರಿಂದ ಘಟಕಗಳು ಹೆಚ್ಚಿದಂತೆ ಎಂಜಿನಿಯರುಗಳು ರಿಲೇಗಳನ್ನು ಮತ್ತೆ ಹೊಂದಿಸಬೇಕು. ಅಗತ್ಯವಿದ್ದಲ್ಲಿ ಕರೆಂಟಿನ ದಿಕ್ಕನ್ನು ಗುರುತಿಸುವ ರಿಲೇ ಹಾಕಬೇಕು.

ಇನ್ನೊಂದು ಅಪಾಯ ಪ್ರಾಣಕ್ಕೇ ಸಂಬಂಧಿಸಿದ್ದು. ಉಪಕೇಂದ್ರದಲ್ಲಿ ಲೈನ್ ತೆಗೆದ ಮೇಲೂ ಹೊಲದ ಇನ್ವರ್ಟರ್ ವಿದ್ಯುತ್ತು ಬಿಡುತ್ತಿದ್ದರೆ ಕಂಬದ ಮೇಲಿನ ಲೈನ್‌ಮನ್‌ನ ಗತಿಯೇನು? ಇದಕ್ಕಾಗಿಯೇ ಲೈನ್ ಸತ್ತೊಡನೆ, 2 ಸೆಕೆಂಡಿನೊಳಗೆ, ತಾನಾಗಿ ನಿಲ್ಲುವ ಏರ್ಪಾಡು ಇನ್ವರ್ಟರಿನಲ್ಲಿರುತ್ತದೆ.

ರೈತರು ಈ ಕೆಳಗಿನ ಅಂಶಗಳನ್ನು ತಪ್ಪದೆ ಪಾಲಿಸಬೇಕು:

1. ವಿದ್ಯುತ್ ಕಂಪನಿಯ ಒಪ್ಪಿಗೆ ಮತ್ತು ತಪಾಸಣೆ ಇಲ್ಲದೆ ಇನ್ವರ್ಟರನ್ನು ಲೈನಿಗೆ ಜೋಡಿಸಬಾರದು.

2. ಪದೇ ಪದೇ ನಿಲ್ಲುತ್ತದೆಂದು ಇನ್ವರ್ಟರಿನ ಹೊಂದಾಣಿಕೆಯನ್ನು ಬದಲಿಸಬಾರದು. ಲೈನಿನ ವೋಲ್ಟೇಜ್ ಏರಿದ್ದರೂ ಅದು ನಿಲ್ಲುತ್ತದೆ, ಕಂಪನಿಗೆ ತಿಳಿಸಬೇಕು.

3. ಫ್ಯೂಸಿಗೆ ದಪ್ಪ ತಂತಿ ಕಟ್ಟಬಾರದು.

4. ಭೂಸಂಪರ್ಕವನ್ನು ಸುಸ್ಥಿತಿಯಲ್ಲಿಡಬೇಕು.

5. ಹರಿದುಬಿದ್ದ ತಂತಿಯನ್ನು, ಕರೆಂಟು ಹೋಗಿದೆಯೆಂದು ಕಂಡರೂ, ಮುಟ್ಟಬಾರದು. ದನಕರುಗಳನ್ನು ದೂರವಿಟ್ಟು ಲೈನ್‌ಮನ್‌ಗೆ ಹೇಳಿಕಳಿಸಬೇಕು.

ವಿದ್ಯುತ್ತನ್ನು ಬಳಸುತ್ತಿದ್ದ ರೈತ ಈಗ ಅದರ ಉತ್ಪಾದಕನೂ ಆಗಿದ್ದಾನೆ. ಲೈನಿನ ಸುರಕ್ಷತೆಯ ಹೊಣೆಯಲ್ಲಿ ಅವನಿಗೂ ಪಾಲಿದೆ ಎಂಬುದನ್ನು ಮನಗಾಣುವುದು ಅತ್ಯಗತ್ಯ.