ಮನಸ್ಸಿನ ಕೊಳೆಗೂ ಮದ್ದುಂಟು
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತು)



ಅಡಿಕೆಗೆ ಕೊಳೆ ಬರುವ ಮೊದಲೇ ನಾವು ಬೋರ್ಡೋ ಹೊಡೆಸುತ್ತೇವೆ. ಮನುಷ್ಯ ನಿದ್ದೆಗೆಟ್ಟು ಮಂಕಾದರೆ ಮಾತ್ರ 'ಸೋಮಾರಿ' ಎಂದು ಬಿಟ್ಟುಬಿಡುತ್ತೇವೆ. ಸದಸ್ಯರೊಬ್ಬರು ಸಂಘಕ್ಕೆ ಬರುವುದನ್ನೇ ನಿಲ್ಲಿಸಿದಾಗ ನಾವು ಕಳಿಸಿದ್ದು ಸಾಲದ ನೋಟೀಸು. ಹೋಗಿ ಮಾತಾಡಿಸಲಿಲ್ಲ. ತಪ್ಪು ನಮ್ಮದೇ. ಮನೆಯವರು ಡಾಕ್ಟರಿಗೆ ತೋರಿಸಿದರು. ಈಗ ಅವರು ಮತ್ತೆ ತೋಟಕ್ಕೆ ಇಳಿದಿದ್ದಾರೆ.

1970ರ ದಶಕದಲ್ಲಿ ಸಕಲವಾರದಲ್ಲಿ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸಿನವರು ಪ್ರಯೋಗ ಮಾಡಿ ತೋರಿಸಿದ್ದಾರೆ: ತರಬೇತಿ ಕೊಟ್ಟರೆ ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಇಂಥ ಕಾಯಿಲೆ ಗುರುತಿಸಬಲ್ಲರು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರೇ ಔಷಧ ಕೊಡಬಲ್ಲರು. 2022ರಿಂದ 14416 ನಂಬರಿಗೆ ಹಗಲುರಾತ್ರಿ ಪುಕ್ಕಟೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಕಂತು ತಪ್ಪಿದರೆ, ನೋಟೀಸಿಗೆ ಮೊದಲು ನಾವು ನಿರ್ದೇಶಕರೇ ನಿಮ್ಮ ಜಗಲಿಗೆ ಬರ್ತೇವೆ. ಕವಳ ಹಾಕಿ ಮಾತಾಡುವಾ.